ನಾಲ್ಕು ಹೆಜ್ಜೆ

"ಇನ್ನೊಂದ್ಸಲ ಮ್ಮಾ. ನಾಲ್ಕೇ ಹೆಜ್ಜೆ. ನೋಡ್ದವ್ರು ನಂಬ್ಬೇಕು."

ಬಚ್ಚಲುಮನೆಯ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ ಚಂದ್ರಮತಿಗೆ ಪಕ್ಕದ ಮನೆಯ ವೀಕ್ಷಾಳ ಮಾತು ಅಕ್ಷರ ಬಿಡದೆ ಕೇಳಿಸಿತು. ಆಮೇಲೆ ಕಾಲೆಳೆಯುವ ಸದ್ದು. ಕುರ್ಚಿ ಸರಿದ ಸದ್ದು. ಆಮೇಲೆ, ಕೇಳಿ, ತಾಯಿ ಮಗಳ ನಗು!

"ಹತ್ತು ನಿಮಿಷ ಅಷ್ಟೇ ಮ್ಮಾ. ಅವ್ರು ಹೋದ್ಮೇಲೆ ನೀನು ಮೊದಲಿನ ಥರಾನೇ ಇರ್ಬಹುದು."

ಕಾಯಿಲೆಯಂತೆ ಕಾಯಿಲೆ! ಚಂದ್ರಮತಿ ಗೋಡೆಯಿಂದ ಕಿವಿ ತೆಗೆದಳು. ಇಷ್ಟು ಸಾಕಿತ್ತು.

ಚೆನ್ನೈನ ವಡಪಳನಿಯ ಆ ಮೂರು ಮಹಡಿಯ ಫ್ಲ್ಯಾಟುಗಳಿಗೆ ಅವಳೇ ಸೆಕ್ರೆಟರಿ. ಗಂಡ ಹೋಟೆಲಿನ ಗಲ್ಲಾಪೆಟ್ಟಿಗೆ ಕಾಯುತ್ತಿದ್ದ. ಅವಳು ಉಳಿದವರ ಮನೆ ಕಾಯುತ್ತಿದ್ದಳು. ಯಾರ ಮನೆಗೆ ಏನು ಪಾರ್ಸೆಲ್ ಬಂತು, ಯಾರು ಎಷ್ಟು ಬಕೆಟ್ ನೀರು ಚೆಲ್ಲಿದರು, ಎಲ್ಲವೂ ಅವಳಿಗೆ ಕಂಠಪಾಠ. ಪಕ್ಕದ ಮನೆಯ ಸರಸ ಮಾತ್ರ ಬಿಡಿಸಲಾಗದ ಗಂಟು. ಮೈಸೂರಿನ ಕಡೆಯವಳು, ಸೀರಿಯಲ್ ನಟಿ, ಗಂಡ ತೀರಿಕೊಂಡು ನಾಲ್ಕು ವರ್ಷ. ಮೂರು ಸೀರಿಯಲ್‌ಗಳಲ್ಲಿ ಹಾಸಿಗೆ ಹಿಡಿದು, ಕೆಮ್ಮಿ ಕೆಮ್ಮಿ ಸತ್ತಿದ್ದಾಳೆ. ಮೂರು ಸಲವೂ ಚಂದ್ರಮತಿ ಅತ್ತಿದ್ದಾಳೆ. ಆ ಸಿಟ್ಟೂ ಸ್ವಲ್ಪ ಇತ್ತೆನ್ನಿ.

ಈಗ ಆರು ತಿಂಗಳಿಂದ ಮಹಾರಾಣಿ ಮನೆಯ ಹೊಸ್ತಿಲು ದಾಟಿಲ್ಲ. ಹಾಲು ತರುವವಳು, ಬಟ್ಟೆ ಒಗೆಯುವವಳು, ತರಕಾರಿ ಹೊರುವವಳು ಹದಿನೈದರ ವೀಕ್ಷಾ. ಕೇಳಿದರೆ "ಅಮ್ಮಂಗೆ ಹುಷಾರಿಲ್ಲ ಆಂಟಿ" ಎಂದು ಬಾಗಿಲು ಮುಚ್ಚುತ್ತಾಳೆ. ಸ್ಕೂಲಿಗೆ ಅವಳು ಹೊತ್ತಿಗೆ ಸರಿಯಾಗಿ ಹೋದದ್ದನ್ನು ಚಂದ್ರಮತಿ ಕಂಡಿಲ್ಲ.

ಸೆಕ್ರೆಟರಿ ಎಂದು ಬುಧವಾರ ಅವಳಿಗೆ ಒಂದು ಫೋನ್ ಬಂದಿತ್ತು. ಶ್ರೀಪ್ರಿಯಾ ಎಂಬುವಳು, ಯಾವುದೋ ಟ್ರಸ್ಟಿನವಳು. ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ಮಕ್ಕಳಿಗೆ ನೆರವಾಗುವುದು ಅವರ ಕೆಲಸವಂತೆ. ವೀಕ್ಷಾಳ ಹೆಸರು ಕೊಟ್ಟದ್ದು ಸ್ಕೂಲಿನ ಟೀಚರ್. ಶನಿವಾರ ಬಂದು ನೋಡುತ್ತೇವೆ. ತಾಯಿಗೆ ನಿಜವಾಗಿ ಆಗುವುದಿಲ್ಲವೆಂದಾದರೆ ದಿನಾ ಬೆಳಿಗ್ಗೆ ಒಬ್ಬ ಆಯಾಳನ್ನು ಕಳಿಸುತ್ತೇವೆ, ಹುಡುಗಿ ನಿಶ್ಚಿಂತೆಯಿಂದ ಓದಲಿ, ಎಂದು ತಮಿಳಿನಲ್ಲಿ ಮೃದುವಾಗಿ ಹೇಳಿದಳು.

"ಪುಕ್ಕಟೆಯಾ?" ಎಂದಿದ್ದಳು ಚಂದ್ರಮತಿ.

ಪುಕ್ಕಟೆಯೇ. ಆ ಒಂದು ಮಾತು ಎರಡು ದಿನವಾದರೂ ಅವಳಿಗೆ ಜೀರ್ಣವಾಗಲಿಲ್ಲ.

ಬುಧವಾರ ಸಂಜೆಯೇ ಮೆಟ್ಟಿಲ ಮೇಲೆ ಹುಡುಗಿಯನ್ನು ಹಿಡಿದು ನಿಲ್ಲಿಸಿ, ಸ್ವಂತದ್ದೊಂದು ಬಾಣ ಬಿಟ್ಟಿದ್ದಳು. "ಶನಿವಾರ ಟ್ರಸ್ಟಿನವರು ಬರ್ತಾರೆ, ಗೊತ್ತುಂಟಾ? ತಾಯಿಗೆ ಕಾಯಿಲೆ ಅಂತ ಆದ್ರೆ ಮಕ್ಕಳನ್ನು ಹಾಸ್ಟೆಲಿಗೆ ಹಾಕ್ತಾರೆ ಮಾರಾಯ್ತಿ. ಮತ್ತೆ ಹೇಳಲಿಲ್ಲ ಅನ್ಬೇಡ." ಹಾಸ್ಟೆಲಿನ ಸುದ್ದಿಯನ್ನು ಶ್ರೀಪ್ರಿಯಾ ಎತ್ತಿಯೇ ಇರಲಿಲ್ಲ. ಆದರೆ ಹುಡುಗಿಯ ಮುಖ ಬಿಳುಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಶನಿವಾರ ಬೆಳಿಗ್ಗೆ ಸ್ಟುಡಿಯೋದ ಮೇಕಪ್ಪಿನ ಐತ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದ.

"ಎಂಥ ಐತ, ಇಲ್ಲಿ ಶೂಟಿಂಗಾ?"

"ಸಣ್ಣ ಸೀನ್ ಉಂಟು ಅಮ್ಮ," ಎಂದ ಅವನು, ಮುಖ ನೋಡದೆ.

ನಾಚಿಕೆಯೂ ಇಲ್ಲವಲ್ಲ ಇವರಿಗೆ! ಕಣ್ಣಿನ ಕೆಳಗೆ ಕಪ್ಪು, ತುಟಿಗೆ ಬೂದಿ, ಆಮೇಲೆ ನಾಲ್ಕು ಕುಂಟು ಹೆಜ್ಜೆ. ಚಂದ್ರಮತಿ ಫೋನಿನಲ್ಲಿ ವೀಡಿಯೋ ಸಿದ್ಧಮಾಡಿಕೊಂಡು, ಹನ್ನೊಂದಕ್ಕೆ ಬಂದ ಶ್ರೀಪ್ರಿಯಾಳ ಹಿಂದೆಯೇ ಒಳಗೆ ನುಗ್ಗಿದಳು.

ಸರಸ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ರೇಷ್ಮೆ ಸೀರೆ. ಮುಡಿತುಂಬ ಮಲ್ಲಿಗೆ. ಕೆನ್ನೆಯಲ್ಲಿ ಮದುವೆ ಹೆಣ್ಣಿನ ರಂಗು. ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಕುರ್ಚಿಯಲ್ಲಿ ಕುಳಿತಳು. ಎಡಗೈ ಸೆರಗಿನೊಳಗೆ, ಬಲಗೈಯೊಂದನ್ನೇ ಎತ್ತಿ ನಮಸ್ಕಾರ. ದೊಡ್ಡ ಸ್ಟಾರು!

"ನಾನು ಚೆನ್ನಾಗಿದ್ದೇನೆ. ಮುಂದಿನ ವಾರ ಶೂಟಿಂಗ್." ಅಷ್ಟೇ ಹೇಳಿ ನಕ್ಕಳು.

ಶ್ರೀಪ್ರಿಯಾ ತಬ್ಬಿಬ್ಬಾದಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ವೀಕ್ಷಾ ತಲೆ ಎತ್ತಲಿಲ್ಲ. "ಸಾರಿ ಮ್ಯಾಮ್. ಲೇಟಾಗಿ ಹೋಗಿದ್ದಕ್ಕೆ ಅಮ್ಮಂಗೆ ಹುಷಾರಿಲ್ಲ ಅಂತ ಟೀಚರ್ ಹತ್ರ ಸುಳ್ಳು ಹೇಳ್ಬಿಟ್ಟೆ."

ಚಂದ್ರಮತಿಗೆ ಕಾಫಿಗಿಂತ ಈ ಮಾತೇ ರುಚಿಸಿತು. ಬಾಣ ನಾಟಿತ್ತು. ಹಾಸ್ಟೆಲಿಗೆ ಹೆದರಿ ಕೊನೆಯ ಗಳಿಗೆಯಲ್ಲಿ ನಾಟಕ ಕೈಬಿಟ್ಟಿದ್ದಾರೆ! "ನಾನು ಆಗಲೇ ಅಂದ್ಕೊಂಡಿದ್ದೆ ಮೇಡಂ," ಎಂದಳು. "ಇವರಿಗೆ ಎಂಥದ್ದೂ ಇಲ್ಲ."

"ನಲ್ಲದು, ಒಳ್ಳೆಯದೇ ಆಯಿತು," ಎಂದಳು ಶ್ರೀಪ್ರಿಯಾ. ಕಾಗದದಲ್ಲಿ ಒಂದು ಹೆಸರಿನ ಮೇಲೆ ಗೀಟು ಎಳೆದಳು. ಆಯಾಳನ್ನು ಬೇರೊಂದು ಮಗುವಿನ ಮನೆಗೆ ಕಳಿಸುವುದಾಗಿ ಹೇಳಿ, ಆಟೋ ಹತ್ತಿ ಹೋದಳು.

ಅವಳನ್ನು ಗೇಟಿನ ತನಕ ಬೀಳ್ಕೊಟ್ಟು, ಗೆದ್ದ ಸುದ್ದಿಯನ್ನು ಫ್ಲ್ಯಾಟಿನ ಗ್ರೂಪಿಗೆ ಹಾಕಬೇಕೆಂದರೆ ಚಂದ್ರಮತಿಯ ಕೈಯಲ್ಲಿ ಫೋನೇ ಇಲ್ಲ. ಸರಸಳ ಟೀಪಾಯಿಯ ಮೇಲೆ ಬಿಟ್ಟಿದ್ದಳು. ಮತ್ತೆ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ.

ಸರಸ ಕುರ್ಚಿಯಿಂದ ಜಾರಿ ನೆಲದ ಮೇಲಿದ್ದಳು. ಸೆರಗಿನಿಂದ ಹೊರಬಿದ್ದ ಎಡಗೈ ಒದ್ದೆ ಬಟ್ಟೆಯ ಹಾಗೆ ಜೋತಿತ್ತು. ವೀಕ್ಷಾ ಹತ್ತಿಯಿಂದ ತಾಯಿಯ ಕೆನ್ನೆಯ ರಂಗು ಒರೆಸುತ್ತಿದ್ದಳು. ಒರೆಸಿದಲ್ಲೆಲ್ಲ ಬೂದಿಯ ಬಣ್ಣ ಕಾಣುತ್ತಿತ್ತು. "ಸ... ಸರಿ... ಬಂತಾ?" ಎಂದಳು ಸರಸ, ನಾಲಿಗೆ ಹೊರಳಿಸಲಾರದೆ. ಮಗಳು ಅವಳ ಕಂಕುಳಿಗೆ ಹೆಗಲು ಕೊಟ್ಟು, ದಿನವೂ ಎತ್ತಿ ರೂಢಿಯಾದವಳಂತೆ ಎತ್ತಿದಳು.

"ಸೂಪರ್ ಮ್ಮಾ, ಒಂದೇ ಟೇಕ್! ಚಂದ್ರಮತಿ ಆಂಟಿ ಮೊದಲೇ ಹೇಳಿದ್ದು ಎಷ್ಟು ಒಳ್ಳೇದಾಯ್ತು ನೋಡು, ಇಲ್ದಿದ್ರೆ ನನ್ನ ಹಾಸ್ಟೆಲಿಗೆ ಕರ್ಕೊಂಡು ಹೋಗ್ತಿದ್ರು, ನಿನ್ನ ಯಾರು ಎತ್ತೋರು?"