ಬತ್ತೀನಿ ಅನ್ನಬೇಕು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಈಗಲೂ ನನಗೆ ಧನಗೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಮನೆಯಿಂದ ಹೊರಡುವವರು ಯಾರೂ ‘ಓಯ್ತೀನಿ’ ಅನ್ನುವಂತಿರಲಿಲ್ಲ. ಅಂದುಬಿಟ್ಟರೆ ಅಜ್ಜಿ ಒಳಕ್ಕೆ ಕರೆದು ಕೂರಿಸಿ, ನೀರು ಕುಡಿಸಿ, ‘ಬತ್ತೀನಿ’ ಅನ್ನಿಸಿಯೇ ಕಳಿಸುತ್ತಿದ್ದರು.

ಅವತ್ತು ಸೊಪ್ಪು ಕೊಯ್ಯುತ್ತಿದ್ದ ತಾತ ತೋಟದಲ್ಲೇ ಕುಸಿದುಬಿದ್ದರು. ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ಯಲು ಆಟೋದಲ್ಲಿ ಮಲಗಿಸಿದಾಗ ಅಜ್ಜಿ ಅದರ ಕಂಬಿ ಹಿಡಿದು ನಿಂತುಬಿಟ್ಟರು.

“ಬತ್ತೀನಿ ಅನ್ನಿ. ಅನ್ನದೆ ಓಗ್ಬೇಡಿ.”

ತಾತನ ಬಾಯಿಗೆ ಕಿವಿಯಿಟ್ಟೆ. ಉಸಿರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

“ಬತ್ತೀನಿ ಅಂದ್ರು ಕಣಜ್ಜಿ,” ಅಂದೆ.

ಅಜ್ಜಿ ಕಂಬಿ ಬಿಟ್ಟರು.

ತಾತನ ಕೊನೆಯ ಮಾತು ಅದೇ ಎಂದು ಅಜ್ಜಿ ತಾವು ಸಾಯುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಇವ್ಳೇ ಕಣ್ರಿ ಕೇಳುಸ್ಕಂಡವ್ಳು,” ಅನ್ನುತ್ತಿದ್ದರು.