ಗಾಜಿನಡಿಯ ಕಾಗದ

ಟಿಕೆಟ್ಟನ್ನೂ ಕೊಳ್ಳದೆ ಓಡೆಟ್ ನೇರವಾಗಿ ವಸ್ತುಸಂಗ್ರಹಾಲಯದ ಕೊನೆಯ ಕೋಣೆಗೆ ನುಗ್ಗಿದಳು. ಹೊರಗೆ ಚೌಕದಲ್ಲಿ ವಿಮೋಚನೆಯ ಅರವತ್ತನೇ ವರ್ಷದ ಬ್ಯಾಂಡು. ಪ್ರವಾಸಿಗಳು ಯುದ್ಧಕಾಲದ ಪ್ಯಾರಾಚೂಟಿನ ಮುಂದೆ ಮುಗಿಬಿದ್ದಿದ್ದರು. ಅವಳಿಗೆ ಬೇಕಿದ್ದದ್ದು ಒಂದೇ ಕಾಗದ: ಅಪ್ಪನನ್ನು ಜರ್ಮನ್ನರಿಗೆ ಹಿಡಿದುಕೊಟ್ಟ ಹೆಸರಿಲ್ಲದ ಪತ್ರ. ಸರ್ಕಾರಿ ದಫ್ತರದಿಂದ ಅದು ಹೊರಬಂದು ಎರಡೇ ದಿನವಾಗಿತ್ತು.

ಬರೆದವನು ಬೇಕರಿಯ ಓಬೇರ್. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಹುಡುಗಿಯರ ಶಾಲೆಯಲ್ಲಿ ಟೀಚರಾಗಿದ್ದ ಅಮ್ಮ ಸಾಯುವವರೆಗೂ ಅದನ್ನೇ ಹೇಳಿದ್ದಳು. ಜರ್ಮನ್ನರು ಓಡಿಹೋದ ದಿನ ಅಮ್ಮ ಬೆರಳು ತೋರಿಸಿದ್ದಕ್ಕೇ ಜನ ಅವನ ಅಂಗಡಿಯನ್ನು ಪುಡಿ ಮಾಡಿದ್ದರು. ಅಂದಿನಿಂದ ಓಡೆಟ್‌ಳ ಮನೆಗೆ ಬ್ರೆಡ್ಡು ಪಕ್ಕದೂರಿನಿಂದ ಬರುತ್ತಿತ್ತು.

ಗಾಜಿನ ಪೆಟ್ಟಿಗೆಗೆ ಅಡ್ಡವಾಗಿ ಓಬೇರನ ಮಗ ರೆಮಿ ನಿಂತಿದ್ದ. ಅವನಿಗೂ ತಲೆ ನರೆತಿತ್ತು.

"ಬನ್ನಿ ಮದಾಂ. ನಮ್ಮ ಬ್ರೆಡ್ಡು ಬೇಡದಿದ್ರೆ ಹೋಗ್ಲಿ, ಇದನ್ನಾದ್ರೂ ನೋಡಿ."

"ಅದಕ್ಕೇ ಬಂದಿದ್ದು. ನಿಮ್ಮಪ್ಪನ ಕೈಬರಹ ನೋಡೋಕೆ."

"ನಮ್ಮಪ್ಪನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಇದು ಮುತ್ತು ಪೋಣಿಸಿದ ಹಾಗಿದೆ."

"ಈಗ ಹೇಳ್ತೀರಾ?"

"ಅರವತ್ತು ವರ್ಷದಿಂದ ಹೇಳ್ತಾನೇ ಇದ್ದೀವಿ. ನಮ್ಮನ್ನ ಕಂಡ್ರೆ ನೀವು ರಸ್ತೆ ದಾಟಿ ಆ ಕಡೆ ಹೋಗಿಬಿಡ್ತಿದ್ರಿ."

ರೆಮಿ ಪಕ್ಕಕ್ಕೆ ಸರಿದ. ಓಡೆಟ್ ಕನ್ನಡಕ ಏರಿಸಿ ಬಗ್ಗಿದಳು.

'ಮರದ ಮಿಲ್ಲಿನ ವಿಧವೆಯ ಅಟ್ಟದಲ್ಲಿ ಒಬ್ಬ ಗಂಡಸು ಅಡಗಿದ್ದಾನೆ. ಅವನಿಗೆ ಊಟ, ಹಾಸಿಗೆ ಎರಡನ್ನೂ ಅವಳೇ ಕೊಡುತ್ತಾಳೆ.'

ಅಪ್ಪ ಕೆಲಸಕ್ಕೆಂದು ದೂರದೂರಿಗೆ ಹೋಗಿದ್ದಾನೆ ಎಂದೇ ಎಂಟು ವರ್ಷದ ಓಡೆಟ್‌ಳನ್ನು ಆಗ ನಂಬಿಸಿದ್ದರು. ಅವನು ಅಟ್ಟದಲ್ಲಿದ್ದದ್ದು ಅವಳಿಗೆ ತಿಳಿದದ್ದು ಸೈನಿಕರು ಎಳೆದೊಯ್ದ ಮೇಲೆ.

ಅವಳು ಮತ್ತೆ ಓದಿದಳು. ಈ ಸಲ ಮಾತುಗಳನ್ನಲ್ಲ, ಅಕ್ಷರಗಳನ್ನು. ದುಂಡಗೆ, ಗೆರೆ ತಪ್ಪದೆ, ನೇರಳೆ ಶಾಯಿಯಲ್ಲಿ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಗಾಜಿಗೆ ಮುಖ ತಗುಲುವಷ್ಟು ಬಗ್ಗಿದಳು.

"ಏನಾಯ್ತು ಮದಾಂ? ಯಾರದು, ಗೊತ್ತಾಯ್ತಾ?"

ಓಡೆಟ್‌ಳ ಬೆರಳು ಗಾಜಿನ ಮೇಲೆ ಆ ಅಕ್ಷರಗಳನ್ನೇ ತಿದ್ದುತ್ತಾ ಹೋಯಿತು.

ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಹೇಳಿ ಅಮ್ಮ ಬರೆಸಿದ ಆ ಉಕ್ತಲೇಖನಕ್ಕೆ ಅವಳಿಗೆ ಹತ್ತಕ್ಕೆ ಹತ್ತು ಬಂದಿತ್ತು.