ಮಡಿಲಿಗೆ ಬಾರದ ನಾಯಿ

"ಯಾರೂ ಕರೀಬಾರದು, ಯಾರೂ ಮುಟ್ಟಬಾರದು. ಸುಮ್ಮನೆ ಕೂತ್ಕೊಳ್ಳಿ," ಎಂದು ನಾಯಿ ಸಾಕಿ ಮಾರುವ ಹೆಂಗಸು, ಬಂದಿದ್ದ ಗಂಡ, ಹೆಂಡತಿ, ಮಗಳು ಮೂವರಿಗೂ ನೆಲದ ಚಾಪೆ ತೋರಿಸಿ, ಒಳಕೋಣೆಯ ಚಿಲಕಕ್ಕೆ ಕೈಹಾಕಿದಳು. "ಅವು ನಿಮ್ಮನ್ನ ನೋಡ್ತವೆ, ನಾನೂ ನಿಮ್ಮನ್ನ ನೋಡ್ತೀನಿ. ಮನೇಲಿ ಒಬ್ಬರಿಗೆ ಹೆದರಿಕೆ ಇದ್ರೂ ನಾನು ನಾಯಿ ಕೊಡಲ್ಲ. ಹೋದ ವಾರ ಒಬ್ಬ ಪೊಲೀಸ್ ಆಫೀಸರನ್ನೇ ವಾಪಸ್ ಕಳಿಸಿದೆ."

"ನಮ್ಮನೇಲಿ ಆ ಯೋಚನೆಯೇ ಇಲ್ಲ ಬಿಡಿ," ಎಂದ ಗಂಡ, ಆರಾಮಾಗಿ ಚಕ್ಕಳಮಕ್ಕಳ ಹಾಕುತ್ತ. "ಇವಳಿಗಂತೂ ನಾಯಿ ಅಂದ್ರೆ ಪ್ರಾಣ."

ಅವನದು ಕನ್ನಡಕದ ಅಂಗಡಿ. ಊರವರ ಕಣ್ಣನ್ನೆಲ್ಲ ಪರೀಕ್ಷಿಸುವವನಿಗೆ ಪಕ್ಕದಲ್ಲಿ ಕೂತ ಹೆಂಡತಿ ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದುದು ಕಾಣಲಿಲ್ಲ. 'ಪ್ರಾಣ' ಎಂಬುದು ಅವಳದೇ ಮಾತು. ಮದುವೆಗೆ ಮುಂಚೆ ಅವನ ಮಗಳನ್ನು ಮೊದಲ ಸಲ ಕಂಡಾಗ ಆ ಹುಡುಗಿ ಹೆಸರು ಕೇಳಿರಲಿಲ್ಲ, ಕೆಲಸ ಕೇಳಿರಲಿಲ್ಲ, "ನಿಮಗೆ ನಾಯಿ ಇಷ್ಟಾನಾ?" ಎಂದಷ್ಟೇ ಕೇಳಿದ್ದಳು. ಇವಳು ಹಲ್ಲಿನ ಆಸ್ಪತ್ರೆಯ ನರ್ಸ್, "ಏನೂ ನೋವಾಗಲ್ಲ" ಎಂದು ದಿನವಿಡೀ ಹೇಳಿ ರೂಢಿಯಾದವಳು, 'ಪ್ರಾಣ' ಎಂದು ಇನ್ನೊಂದು ಸುಳ್ಳು ಸೇರಿಸಿದ್ದಳು. ಈಗ ಆ ಸುಳ್ಳಿಗೆ ಎಂಟು ಕಾಲು, ಎರಡು ಬಾಲ ಮೂಡಿ, ಬಾಗಿಲ ಹಿಂದೆ ಪರಪರ ಕೆರೆಯುತ್ತಿತ್ತು. ಮದುವೆಯಾಗಿ ವರ್ಷವಾಗುತ್ತ ಬಂದರೂ ಹುಡುಗಿ ಅವಳನ್ನು ಏನೆಂದೂ ಕರೆದಿರಲಿಲ್ಲ. ಶಾಲೆಯಿಂದ ಇಬ್ಬರೂ ನಡೆದು ಬರುವಾಗ, ಬೇಕರಿ ಮುಂದೆ ಮಲಗಿರುವ ಮುದಿ ನಾಯಿ ಕಂಡೊಡನೆ ಇವಳು "ಆ ಕಡೆ ನೆರಳಿದೆ" ಎಂದು ರಸ್ತೆ ದಾಟಿಸುತ್ತಿದ್ದಳು. ಮೋಡ ಕವಿದ ದಿನವೂ. ಇವತ್ತು ಹುಡುಗಿ ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿ ಬಂದರೆ ಅದಕ್ಕೆ ಕಾರಣ ಯಾರೆಂದು ಆ ಹುಡುಗಿಗೆ ಇಡೀ ಜನ್ಮ ನೆನಪಿರುತ್ತದೆ.

ಬಾಗಿಲು ತೆರೆಯಿತು. ಮೊದಲು ನುಗ್ಗಿದ್ದು ಉದ್ದನೆಯ ಕಂದು ನಾಯಿ. ಮೈ ಧಾರಾಳವಾಗಿ ಕೊಟ್ಟ ದೇವರು ಕಾಲಿಗೆ ಬಂದಾಗ ಜಿಪುಣನಾಗಿದ್ದ. ಹಿಂದೆ ಇನ್ನೊಂದು, ಕಣ್ಣು ಮುಚ್ಚುವಷ್ಟು ಕೂದಲಿನದು, ಬಂದವರನ್ನು ಒಮ್ಮೆಯೂ ಮೂಸದೆ ಹೋಗಿ ಕಿಟಕಿಯ ಕೆಳಗೆ ಕೂತಿತು.

"ಎರಡೂ ಗಾತ್ರದಲ್ಲಷ್ಟೇ ಚಿಕ್ಕವು, ಹಟದಲ್ಲಿ ಆನೆ," ಎಂದಳು ಸಾಕುವಾಕೆ. "ಇದು ಡ್ಯಾಶ್‌ಹೌಂಡ್. ಒಂಟಿಯಾಗಿ ಬಿಲಕ್ಕೆ ನುಗ್ಗಿ ಬೇಟೆಯಾಡೋ ಜಾತಿ, ಅದಕ್ಕೇ ಯಾರ ಮಾತೂ ಕೇಳಲ್ಲ. ಪಕ್ಕದ್ಮನೆಯವರು ಸೀನಿದ್ರೂ ಬೊಗಳುತ್ತೆ. ಆದ್ರೆ ಮಡಿಲು ಕಂಡ್ರೆ ಹತ್ತಿ ಮಲಗುತ್ತೆ. ಅದು ಲಾಸಾ ಆಪ್ಸೊ. ಕಿವಿ ಚುರುಕು, ಕರೆದಾಗ ಮಾತ್ರ ಕೇಳಿಸಲ್ಲ. ಹೊಸಬರನ್ನ ತಿಂಗಳುಗಟ್ಟಲೆ ದೂರದಿಂದಲೇ ನೋಡುತ್ತೆ. ದಿನಾ ಕೂದಲು ಬಾಚಬೇಕು, ಮಹಾರಾಣಿ ಥರ."

"ಹಾಗಾದ್ರೆ ಡ್ಯಾಶೇ ಸರಿ," ಎಂದ ಗಂಡ. "ದುಡ್ಡು ಕೊಟ್ಟು ಯಾರಾದ್ರೂ ಬಿಗುಮಾನ ತಗೊಂಡು ಹೋಗ್ತಾರಾ?"

ಕಂದು ನಾಯಿ ಅಷ್ಟರಲ್ಲಿ ನೇರ ನರ್ಸಿನ ಬಳಿ ಬಂದು, ಮುಂಗಾಲೆರಡನ್ನೂ ಅವಳ ಮೊಣಕಾಲ ಮೇಲಿಟ್ಟಿತು. ಮೂಗಿನಿಂದ ಉಸಿರು ತಗೊಳ್ಳಿ, ಬಾಯಿಂದ ಬಿಡಿ: ರೋಗಿಗಳಿಗೆ ಹೇಳುವುದನ್ನು ಅವಳು ತನಗೇ ಹೇಳಿಕೊಂಡಳು. ಒಳಗೆ ಹೋದ ಉಸಿರು ಹೊರಗೆ ಬರುವುದನ್ನೇ ಮರೆಯಿತು. ಒದ್ದೆ ಮೂಗು ಮಣಿಕಟ್ಟಿಗೆ ತಾಗಿತು.

"ಯಾಕಮ್ಮಾ, ಹೀಗೆ ಬೆವರ್ತಾ ಇದ್ದೀರಿ?" ಸಾಕುವಾಕೆ ಬಗ್ಗಿ ಅವಳ ಮುಖವನ್ನೇ ನೋಡಿದಳು.

"ಅವರಿಗೆ ಯಾವಾಗ್ಲೂ ಸೆಕೆ ಜಾಸ್ತಿ," ಎಂದಳು ಹುಡುಗಿ. ಎಂದವಳೇ ನಾಲಗೆ ಲೊಚಗುಟ್ಟಿಸಿ, ಬಾ ಬಾ ಎಂದು ತನ್ನ ಮಡಿಲು ತಟ್ಟಿದಳು. ಕಂದು ನಾಯಿ ನರ್ಸಿನ ಮೊಣಕಾಲಿನಿಂದ ಇಳಿದು ಅಲ್ಲಿಗೆ ಓಡಿತು.

"ಕರೀಬಾರದು ಅಂತ ಹೇಳಿರಲಿಲ್ವಾ?"

"ಮರೆತೋಯ್ತು ಆಂಟಿ." ಹುಡುಗಿ ನಾಯಿಯ ಕಿವಿಯನ್ನು ಒಂದು ಸಲ, ನಿಧಾನವಾಗಿ ನೇವರಿಸಿದಳು. ಆಮೇಲೆ ಕೈ ಹಿಂದಕ್ಕೆಳೆದುಕೊಂಡು ಕಿಟಕಿಯ ಕಡೆ ತೋರಿಸಿದಳು. "ನಮಗೆ ಅದು ಕೊಡಿ. ಹತ್ತಿರ ಬರಲ್ವಲ್ಲ, ಅದು."

ಗಂಡ ತಿರುಗಿದ. "ಏನು ಪುಟ್ಟಿ? ಮಡಿಲಲ್ಲಿ ಮಲಗೋ ನಾಯೀನೇ ಬೇಕು ಅಂತ ಎರಡು ವರ್ಷದಿಂದ ನನ್ನ ತಲೆ ತಿಂದಿದ್ದೀಯ."

"ಈಗ ಬೇಡ."

ಸಾಕುವಾಕೆ ನರ್ಸನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಕೊನೆಗೆ ಪ್ರಶ್ನೆ ಕೇಳಿದ್ದು ಹುಡುಗಿಯನ್ನು: "ನಿಮ್ಮನೇಲಿ ಯಾರಿಗೂ ಹೆದರಿಕೆ ಇಲ್ಲ ತಾನೇ?"

"ಯಾರಿಗೂ ಇಲ್ಲ," ಎಂದಳು ಹುಡುಗಿ, ರೆಪ್ಪೆ ಕೂಡ ಆಡಿಸದೆ. ಥೇಟ್ ಹಲ್ಲಿನ ಆಸ್ಪತ್ರೆಯ ದನಿ.

ಸಾಕುವಾಕೆ ಒಳಗೆ ಹೋಗಿ ಬುಟ್ಟಿಯನ್ನೂ ಬಾಚಣಿಗೆಯನ್ನೂ ತಂದಳು. ಬಾಚಣಿಗೆಯನ್ನು ಹುಡುಗಿಯ ಕೈಗೇ ಕೊಟ್ಟಳು.

ಕಾರಿನಲ್ಲಿ ಅಪ್ಪನ ಪಕ್ಕದ ಸೀಟು ಹುಡುಗಿಯದು. ವರ್ಷವಿಡೀ ಅದನ್ನು ಬಿಟ್ಟುಕೊಟ್ಟವಳಲ್ಲ. ಇವತ್ತು ಹಿಂದೆ ಹತ್ತಿದಳು. ಬುಟ್ಟಿ ಆಚೆ ಕಿಟಕಿಗೆ, ನರ್ಸ್ ಈಚೆ ಕಿಟಕಿಗೆ, ನಡುವೆ ಕೈಕಟ್ಟಿ ಗೋಡೆಯಂತೆ ಅವಳು. ಮುಂದೆ ಅಪ್ಪ ನಾಯಿಗೆ ಹೆಸರು ಹುಡುಕುತ್ತ ಒಂದೊಂದಾಗಿ ಹೇಳುತ್ತಿದ್ದ, ಯಾವುದನ್ನೂ ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಹೊರಗೆ ಮೋಡ ದಟ್ಟವಾಗಿತ್ತು. ಹುಡುಗಿ ಅಪ್ಪನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದಳು: "ನಾಳೆ ಸ್ಕೂಲಿಂದ ಬರುವಾಗಲೂ ಆ ಕಡೆಯಿಂದಾನೇ ಹೋಗೋಣ. ಅಲ್ಲಿ ನೆರಳಿರುತ್ತೆ."